ಅವ್ವನ ಗಡಿಗೆಗೆ ಲೆಕ್ಕ ಬರೆದಿಡಲಿಲ್ಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹೊರದೇಶಗಳಲ್ಲಿ ಜನ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ, ಚಳಿಗಾಲಕ್ಕೆ ದೊಡ್ಡ ಪಾತ್ರೆಯಲ್ಲಿ ಗಟ್ಟಿ ಸೂಪು ಕುದಿಸಿಟ್ಟುಕೊಳ್ಳುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಲೇಖನ ಬಂದಿತ್ತು. ಅದಕ್ಕೆ ಎರಡು ವಾರದಿಂದ ಪತ್ರಗಳು ಬರುತ್ತಲೇ ಇವೆ. ಇಂಥದ್ದನ್ನು ಅಚ್ಚು ಹಾಕಿ ಹುಡುಗರಿಗೆ ಕುಡಿತ ಕಲಿಸಬೇಡಿ ಎಂದು ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದಾರೆ. ನಮ್ಮಲ್ಲೂ ಮನೆಯಲ್ಲಿ ಬಿಯರ್ ಮಾಡಲು ಅನುಮತಿ ಕೊಡಲಿ ಎಂದು ಹರಿಹರದ ಯುವಕರೊಬ್ಬರು ಕೇಳಿದ್ದಾರೆ. ಎರಡೂ ಪತ್ರಗಳನ್ನು ಎರಡೆರಡು ಸಲ ಓದಿದೆ. ಇಬ್ಬರ ಮಾತೂ ಬಿಯರಿನ ಸುತ್ತಲೇ ಇದೆ. ನಾನು ಬರೆಯುತ್ತಿರುವುದು ಬಿಯರ್ ಮಾಡುವವನ ಪಕ್ಕದಲ್ಲಿರುವ ನೋಟ್‌ಬುಕ್ಕಿನ ವಿಷಯ.

ನನಗೀಗ 67 ವರ್ಷ. ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಹಳ್ಳಿ, ನೆಲೆಸಿರುವುದು ಚಿತ್ರದುರ್ಗ. 29 ವರ್ಷ ಹಾಲಿನ ಡೈರಿಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಬೆಳಗಿನ ಜಾವ ಕ್ಯಾನುಗಳು ಇಳಿದ ಕೂಡಲೇ ಮುಚ್ಚಳ ತೆಗೆದು ಮೂಸುವುದು, ಲ್ಯಾಕ್ಟೋಮೀಟರ್ ಇಳಿಬಿಡುವುದು, ಹತ್ತು ಮಿಲಿ ಹಾಲಿಗೆ ಫಿನಾಫ್ತಲೀನ್ ಹನಿ ಹಾಕಿ, ಅದು ನಸುಗೆಂಪಿಗೆ ತಿರುಗುವವರೆಗೆ ಕ್ಷಾರ ಬಿಟ್ಟು ಹುಳಿ ಎಷ್ಟೆಂದು ಬರೆಯುವುದು, ಇದು ನನ್ನ ಕೆಲಸ. ಒಳ್ಳೆಯ ಹಾಲಾದರೆ 0.15 ಪರ್ಸೆಂಟಿನ ಆಸುಪಾಸು ಬರಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಆ ಕ್ಯಾನು ಪಕ್ಕಕ್ಕೆ. ಹುಳಿ ಎಂಬುದರ ಜೊತೆ ನನಗೆ ಅಷ್ಟು ವರ್ಷದ ಒಡನಾಟ.

2019ರ ನವೆಂಬರಿನಲ್ಲಿ ನಾನು, ನಮ್ಮ ಮನೆಯವರು ಮಗಳ ಮನೆಗೆಂದು ಅಮೆರಿಕದ ಮಿಲ್ವಾಕಿಗೆ ಹೋಗಿದ್ದೆವು. ಮಿಷಿಗನ್ ಸರೋವರದ ದಂಡೆಯ ಊರು. ಜರ್ಮನಿಯಿಂದ ಬಂದು ನೆಲೆಸಿದವರು ಅಲ್ಲಿ ದೊಡ್ಡ ದೊಡ್ಡ ಬಿಯರ್ ಕಾರ್ಖಾನೆ ಕಟ್ಟಿದ್ದರಂತೆ. ಹೊರಗೆ ಹಿಮ, ಮನೆಯಿಂದ ಕಾಲಿಡುವ ಹಾಗಿಲ್ಲ. ಒಂದು ಶನಿವಾರ ಅಳಿಯ, "ಮಾವಾರೆ, ಕೆಳಗೆ ಬರ್ರಿ, ನಿಮ್ಮ ಲ್ಯಾಬ್ ತೋರಸ್ತೀನಿ" ಎಂದು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅವರು ದಾವಣಗೆರೆಯ ಹುಡುಗ. ಮಂಡಕ್ಕಿ ಭಟ್ಟಿಯ ಹೊಗೆ ನೋಡಿಕೊಂಡು ಬೆಳೆದವರು. ಅಲ್ಲಿ ಹತ್ತೊಂಬತ್ತು ಲೀಟರಿನ ಬಕೆಟ್ಟು, ಅದರ ಮುಚ್ಚಳಕ್ಕೆ ನೀರು ತುಂಬಿದ ಸಣ್ಣ ಗಾಜಿನ ನಳಿಗೆ. ನಳಿಗೆಯಲ್ಲಿ ಗುಳ್ಳೆ ಒಂದೊಂದಾಗಿ ಏಳುತ್ತಿತ್ತು. ಬೆಂಚಿನ ಮೇಲೆ ಥರ್ಮಾಮೀಟರ್, ತಕ್ಕಡಿ, ಮತ್ತೊಂದು ಗಾಜಿನ ಕಡ್ಡಿ. ಆ ಕಡ್ಡಿಯನ್ನು ಕೈಗೆ ತೆಗೆದುಕೊಂಡು ನಾನು ಗಟ್ಟಿಯಾಗಿ, "ಇದು ನಮ್ಮ ಲ್ಯಾಕ್ಟೋಮೀಟರ್!" ಎಂದುಬಿಟ್ಟೆ. ನಿಜಕ್ಕೂ ಅದೇ. ದ್ರವ ಎಷ್ಟು ಸಾಂದ್ರ ಎಂದು ಹೇಳುವ ಹೈಡ್ರೋಮೀಟರ್. ನಾವು ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯಲು ಬಳಸಿದರೆ, ಅವರು ರಸದಲ್ಲಿದ್ದ ಸಕ್ಕರೆ ಎಷ್ಟು ಖರ್ಚಾಯಿತು ಎಂದು ತಿಳಿಯಲು ಬಳಸುತ್ತಾರೆ. ನೀರಿನದು 1 ಎಂದಿಟ್ಟರೆ ರಸದ ಸಾಂದ್ರತೆ ಶುರುವಿನಲ್ಲಿ 1.050, ಎರಡು ವಾರಕ್ಕೆ 1.010. ನಡುವಿನ ವ್ಯತ್ಯಾಸದಿಂದ ಆಲ್ಕೋಹಾಲ್ ಸುಮಾರು 5 ಪರ್ಸೆಂಟ್ ಎಂದು ಲೆಕ್ಕ.

ನಾನು ಬಿಯರ್ ಕುಡಿಯುವವನಲ್ಲ, ಅಲ್ಲಿಯೂ ಕುಡಿಯಲಿಲ್ಲ. ಆದರೆ ಆ ನಾಲ್ಕು ತಿಂಗಳಲ್ಲಿ ಅವರು ಮೂರು ಸಲ ಮಾಡಿದ್ದನ್ನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೂರ್ತಿ ನೋಡಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿ ಮಾಡಿ, 65ರಿಂದ 67 ಡಿಗ್ರಿ ಬಿಸಿ ನೀರಿನಲ್ಲಿ ಒಂದು ತಾಸು ಇಡುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆ ಮಾಡುವುದು ಆಗಲೇ. ಬಿಸಿ ಬಹಳ ಏರಿದರೆ ಕಿಣ್ವ ಸತ್ತುಹೋಗುತ್ತದೆ. ಆಮೇಲೆ ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಒಂದು ತಾಸು ಕುದಿಸಿ, ಬೇಗ ಆರಿಸಿ, ಯೀಸ್ಟ್ ಬಿಡುತ್ತಾರೆ. ಆರಿದ ಮೇಲೆ ಆ ರಸಕ್ಕೆ ತಾಗುವ ಪ್ರತಿ ಪಾತ್ರೆ, ಪ್ರತಿ ಚಮಚವನ್ನೂ ಸೋಂಕುನಾಶಕದಲ್ಲಿ ಅದ್ದಿಯೇ ಮುಟ್ಟುತ್ತಿದ್ದರು. ಡೈರಿಯಲ್ಲಿ ನಾವು ಪೈಪುಗಳನ್ನು ಕಾಸ್ಟಿಕ್ಕಿನಲ್ಲಿ ತೊಳೆಯುತ್ತಿದ್ದ ಶ್ರದ್ಧೆ ಒಬ್ಬ ಮನುಷ್ಯನ ಮನೆಯಲ್ಲಿ ಕಂಡು ಸಂತೋಷವಾಯಿತು.

ಆಮೇಲೆ ಆ ನೋಟ್‌ಬುಕ್ಕು. ಮೊದಲ ಸಲದಿಂದ ನಲವತ್ತೊಂದನೇ ಸಲದವರೆಗೆ ಒಂದೊಂದಕ್ಕೂ ಒಂದು ಪುಟ: ದಿನಾಂಕ, ಕಾಳಿನ ತೂಕ, ನೀರು, ಬಿಸಿ, ಎಷ್ಟು ದಿನ, ರುಚಿ ಹೇಗಿತ್ತು. ಕೆಟ್ಟುಹೋದದ್ದಕ್ಕೂ ಪುಟವಿತ್ತು. ಹನ್ನೆರಡನೆಯದರಲ್ಲಿ, ಹುಳಿಯುವುದು ಮುಗಿಯುವ ಮುಂಚೆಯೇ ಬಾಟಲಿಗೆ ತುಂಬಿ, ರಾತ್ರಿ ಒಂಬತ್ತು ಬಾಟಲಿ ಸಿಡಿದದ್ದನ್ನು ಬರೆದಿಟ್ಟಿದ್ದರು. ಗಾಜಿನ ಚೂರು ಗೋಡೆಗೆ ನಾಟಿದ ಗುರುತು ಇನ್ನೂ ಇತ್ತು. ಆ ಹೊತ್ತಿಗೆ ಮೊಮ್ಮಗ ಅಲ್ಲಿರಲಿಲ್ಲ, ದೇವರು ದೊಡ್ಡವನು.

ಆ ಪುಟಗಳನ್ನು ತಿರುವುತ್ತಿದ್ದಾಗ ಗಂಟಲು ಕಟ್ಟಿತು. ಸಾವಿರಾರು ರೈತರ ಹಾಲನ್ನು ಅಳೆದು ರಿಜಿಸ್ಟರಿಗೆ ಏರಿಸಿದ ನಾನು, ನನ್ನ ಅವ್ವನ ಅಂಬಲಿ ಗಡಿಗೆಯನ್ನು ಒಂದು ದಿನವೂ ಅಳೆಯಲಿಲ್ಲ.

ಅವ್ವನ ಗಡಿಗೆ ಒಲೆಯ ಬಲಗಡೆ ಸಿಂಬಿಯ ಮೇಲೆ ಕೂತಿರುತ್ತಿತ್ತು. ಬಾಯಿಗೆ ತೆಳು ಬಟ್ಟೆ. ರಾತ್ರಿ ಊಟವಾದ ಮೇಲೆ ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ, ಹಿಂದಿನ ದಿನದ ಹುಳಿ ನೀರು ಒಂದಿಷ್ಟು ಬಿಟ್ಟು ಮುಚ್ಚುವಳು. ಬೆಳಗ್ಗೆ ಎಸರು ಮರಳಿದಾಗ ಅದನ್ನು ಸುರಿದು, ಗಂಟಾಗದ ಹಾಗೆ ಕೋಲಿನಲ್ಲಿ ತಿರುವಿ ಕುದಿಸುವಳು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಈರುಳ್ಳಿ, ಹಸಿಮೆಣಸಿನಕಾಯಿ. ಹೊಲಕ್ಕೆ ಹೋಗುವವರು ಅದನ್ನು ಕುಡಿದು ಹೊರಟರೆ ಮಧ್ಯಾಹ್ನದವರೆಗೆ ಬಿಸಿಲು ಅವರಿಗೆ ಲೆಕ್ಕವಿರಲಿಲ್ಲ. ಎಷ್ಟು ಹಿಟ್ಟು ಎಂದರೆ "ಒಂದು ಹಿಡಿ, ಮೇಲೊಂದು ಚೂರು." ಹುಳಿ ಬಂದಿದೆಯೋ ಇಲ್ಲವೋ ಎಂದರೆ "ಮೂಸಿ ನೋಡಪ್ಪ, ಅದೇ ಹೇಳ್ತೈತೆ." ಚಳಿಗಾಲದಲ್ಲಿ ಗಡಿಗೆಯನ್ನು ಒಲೆಯ ಹತ್ತಿರಕ್ಕೆ ಸರಿಸುವಳು, ಬೇಸಿಗೆಯಲ್ಲಿ ನೀರಿನ ಹಂಡೆಯ ಪಕ್ಕಕ್ಕೆ. ಅಳಿಯ ಥರ್ಮಾಮೀಟರ್ ನೋಡಿ ಮಾಡುತ್ತಿದ್ದ ಕೆಲಸವನ್ನೇ ಅವಳು ಅಂಗೈಯಿಂದ ಮಾಡುತ್ತಿದ್ದಳು. 2004ರಲ್ಲಿ ತೀರಿಕೊಂಡಳು. ಹದಿನೈದು ದಿನದಲ್ಲಿ ಗಡಿಗೆ ಒಣಗಿತು. ಅವಳ ಅಂಬಲಿಯ ರುಚಿ ನಮ್ಮ ಮನೆಯಲ್ಲಿ ಯಾರ ಕೈಗೂ ಬರಲಿಲ್ಲ.

ಇನ್ನು ಕುಡಿತದ ಮಾತು. ದಾವಣಗೆರೆಯ ತಾಯಿಯ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮ ದೊಡ್ಡಪ್ಪ ಸಾರಾಯಿಗೆ ಎರಡು ಎಕರೆ ನೀರಾವರಿ ಕಳೆದವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ದೊಡ್ಡಮ್ಮ ಬದುಕಿದ್ದರೆ ಊರಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಹರಿಹರದ ಯುವಕರಿಗೆ ಒಂದು ಮಾತು: ಅಮೆರಿಕದಲ್ಲೂ ಇದು ಮೊದಲಿನಿಂದ ಇದ್ದ ಅನುಮತಿಯಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್, ಅದೂ ಸ್ವಂತಕ್ಕೆ, ಮಾರುವ ಹಾಗಿಲ್ಲ. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆನ್‌ಲೈನಿನಲ್ಲಿ ಕಿಟ್ ಸಿಗುತ್ತದೆ ಎಂದು ತರಿಸಿಕೊಂಡು ಪೊಲೀಸ್ ಠಾಣೆ ಹತ್ತಬೇಡಿ. ಕೈಗೆ ಅಷ್ಟು ಆಸೆ ಇದ್ದರೆ ಹುಳಿಸುವುದಕ್ಕೆ ನಮ್ಮಲ್ಲಿ ಬೇರೆ ಇದೆ.

ಬಾರ್ಲಿಗೆ ಮಾಡುವುದನ್ನೇ ನಮ್ಮ ಹೆಂಗಸರು ರಾಗಿಗೆ ಮಾಡುತ್ತಾ ಬಂದಿದ್ದಾರೆ. ರಾಗಿ ತೊಳೆದು ಹನ್ನೆರಡು ತಾಸು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನಕ್ಕೆ ಬಿಳಿ ಮೊಳಕೆ ಬಂದ ಮೇಲೆ ಒಣಗಿಸಿ, ಉಜ್ಜಿ, ಬೀಸಿ ಎಳೆ ಮಕ್ಕಳ ಸರಿಗೆ ಇಡುವುದು. ಮಿಲ್ವಾಕಿಗೆ ಹೋಗುವಾಗ ಮೊಮ್ಮಗನಿಗೆಂದು ನಮ್ಮ ಮನೆಯವರು ಅಂಥ ಹಿಟ್ಟು, ಹುರಿಯದೆ ಬಿಸಿಲಿನಲ್ಲಷ್ಟೇ ಒಣಗಿಸಿದ್ದು, ಎರಡು ಸೇರು ಒಯ್ದಿದ್ದರು. ಒಂದು ಸಂಜೆ ಅಳಿಯನೂ ನಾನೂ ಸೇರಿ ಪರೀಕ್ಷೆ ಮಾಡಿದೆವು. ಮಾಮೂಲಿ ರಾಗಿ ಹಿಟ್ಟಿನಿಂದ ಚಮಚ ನಿಲ್ಲುವಷ್ಟು ಗಟ್ಟಿ ಗಂಜಿ ಕಾಸಿ, 65 ಡಿಗ್ರಿಗೆ ಇಳಿಸಿ, ಮೊಳಕೆ ಹಿಟ್ಟು ಅರ್ಧ ಚಮಚ ಹಾಕಿ ತಿರುವಿದೆವು. ಹತ್ತು ನಿಮಿಷದಲ್ಲಿ ಗಂಜಿ ನೀರಾಗಿ ಹರಿಯಿತು, ನಾಲಿಗೆಗೆ ಸಿಹಿಯೂ ಹತ್ತಿತು. ಎಳೆ ಮಗುವಿನ ಪುಟ್ಟ ಹೊಟ್ಟೆಗೆ ತೆಳ್ಳಗಿದ್ದೂ ಕಸುವಿರುವ ಆಹಾರ ಹೋಗಲಿ ಎಂದೇ ಮೊಳಕೆ ರಾಗಿ. ಅಳಿಯ ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಪುಟ ತೆಗೆದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಾಗಿಯಿಂದ ಮದ್ಯ ಮಾಡುವ ಸೀಮೆಗಳೂ ಇವೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹುಳಿಸಿದ ರಾಗಿಗೆ ಬಿಸಿ ನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುವ ತೊಂಗ್ಬಾ ಇದೆ. ಆಫ್ರಿಕಾದಲ್ಲೂ ರಾಗಿ ಬಿಯರ್ ಹಳೆಯದು. ಅದೇ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಸಂಕರ ಮಾಡಿ, ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಾಫ್ ಎಂಬ ಹೆಸರಿನ ಅರ್ಧ ಇಂಡಿಯಾ, ಅರ್ಧ ಆಫ್ರಿಕಾ. ನಮ್ಮಪ್ಪ ಆ ಬೀಜ ತಂದು ಬಿತ್ತಿದ ವರ್ಷ ಕಣದಲ್ಲಿ ರಾಶಿ ಕಂಡು ಅವ್ವ ಆರತಿ ಎತ್ತಿದ್ದಳು. ಅವ್ವನ ಗಡಿಗೆಯಲ್ಲಿ ಆ ಕಾಳು ಅಮಲಾಗಲಿಲ್ಲ, ಹುಳಿಯಾಯಿತು. ಒಂದು ರಾತ್ರಿ ಹುಳಿಯುವ ಅಂಬಲಿಯಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಹಾಲನ್ನು ಮೊಸರು ಮಾಡುವ ಬಳಗದ ಬ್ಯಾಕ್ಟೀರಿಯಾ. ಅವು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಏರಿದಂತೆ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಜಾಗ ಕಷ್ಟ. ಬೆಳಗ್ಗೆ ಕುದಿಸುವುದರಿಂದ ಉಳಿದವುಗಳಲ್ಲೂ ಬಹುಪಾಲು ಹೋಗುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಆದರೆ ಕಾಳಿನಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ, ಹುಳಿ ಎರಡೂ ಆ ಹಿಡಿತವನ್ನು ಸಡಿಲಿಸುತ್ತವೆ.

ಊರಿಗೆ ಮರಳಿದ ಮೇಲೆ ನಾನೂ ಒಂದು ನೋಟ್‌ಬುಕ್ ತಂದೆ. 2020ರ ಮಾರ್ಚ್. ಆಮೇಲೆ ಎಲ್ಲರೂ ಮನೆಯಲ್ಲೇ ಕೂರಬೇಕಾಗಿ ಬಂತು, ನನಗೆ ಕೈತುಂಬ ಕೆಲಸವಾಯಿತು. ಅಂಬಲಿ ಮೊದಲ ನಾಲ್ಕು ಸಲ ಸರಿಬರಲಿಲ್ಲ. ಒಂದು ಸಲ ನಲ್ಲಿ ನೀರಿನ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಹುಳಿಯೇ ಬರಲಿಲ್ಲ. ಆಮೇಲಿಂದ ನೀರು ಕುದಿಸಿ ಆರಿಸಿ ಹಾಕುತ್ತೇನೆ. ಇನ್ನೊಂದು ಸಲ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬೆಳಗ್ಗೆ ಮುಚ್ಚಳ ಹಾರಿ ಅಡುಗೆಮನೆಯೆಲ್ಲ ರಾಗಿ. ಈಗ ಕೂತಿರುವ ಅಳತೆ ಇದು: ಹೊಸದುರ್ಗದ ಕಡೆಯ ರಾಗಿ ಹಿಟ್ಟು 100 ಗ್ರಾಂ, ನೀರು 400 ಮಿಲಿ, ಹಿಂದಿನ ಹುಳಿ ಎರಡು ಚಮಚ. ಏಪ್ರಿಲ್‌ನಲ್ಲಿ ಎಂಟರಿಂದ ಹತ್ತು ತಾಸು ಸಾಕು. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಗಾಳಿ ಬೀಸುವ ಡಿಸೆಂಬರಿನಲ್ಲಿ ಹದಿನೆಂಟು ತಾಸಾದರೂ ಬೇಕು. ಹುಳಿ ಎಷ್ಟೆಂದು ತೋರಿಸುವ ಪಿಎಚ್ ಕಾಗದ 4ರ ಹತ್ತಿರ ತೋರಿಸಿದರೆ ಹದ. 1200 ಮಿಲಿ ಮರಳುವ ನೀರಿಗೆ ಸುರಿದು ಹದಿನೈದು ನಿಮಿಷ ಕೈಬಿಡದೆ ತಿರುವಬೇಕು. ಗಡಿಗೆಯ ಮೇಲೆ ಬೂಷ್ಟು ಬಂದರೆ, ಬಣ್ಣ ತಿರುಗಿದರೆ, ಲೋಳೆ ಎಳೆದರೆ, ಮೊಸರಿನ ಹುಳಿವಾಸನೆ ಬಿಟ್ಟು ಬೇರೆ ನಾತ ಬಂದರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಆಸೆ ಬೇಡ. ಪೂರ್ತಿ ಚೆಲ್ಲಿ, ಗಡಿಗೆಯನ್ನು ಕುದಿ ನೀರಿನಲ್ಲಿ ತೊಳೆದು ಬಿಸಿಲಿಗಿಡಬೇಕು.

ಲೇಖನದಲ್ಲಿದ್ದ ಸೂಪಿನ ವಿಷಯಕ್ಕೆ ಯಾರೂ ಕೈಹಾಕಿಲ್ಲ, ನನಗೆ ಅದೂ ಮುಖ್ಯ. ಮಗಳು ಅಲ್ಲಿ ಚಳಿ ದಿನಗಳಲ್ಲಿ ಒಡೆದ ಬಟಾಣಿ, ಬಾರ್ಲಿ, ಗಜ್ಜರಿ ಹಾಕಿ ಮೂರು ತಾಸು ಸಣ್ಣ ಉರಿಯಲ್ಲಿ ಸೂಪು ಬೇಯಿಸುವಳು. ಬಿಯರಿಗೆ ಬಳಸಿ ಉಳಿದ ಬಾರ್ಲಿ ಚರಟವನ್ನು ಬ್ರೆಡ್ಡಿನ ಹಿಟ್ಟಿಗೆ ಸೇರಿಸುವಳು. ತಿನ್ನುತ್ತಾ ನಮ್ಮ ಮನೆಯವರು, "ಇದು ನಮ್ಮ ಹುರುಳಿಕಟ್ಟಿನ ಅಕ್ಕ ಇದ್ದಂಗೈತೆ" ಎಂದರು. ಮರುದಿನ ಹುರುಳಿ ಕಟ್ಟು ಆಯಿತು. ಅಳಿಯನ ಗೆಳೆಯರು ಎರಡೆರಡು ಬಟ್ಟಲು ಕುಡಿದು, ಇದರ ಅಳತೆ ಬರೆದುಕೊಡಿ ಎಂದು ಕಾಗದ ಹಿಡಿದು ನಿಂತರು. ನಮ್ಮ ಮನೆಯವರಿಗೆ ಅಳತೆ ಗೊತ್ತಿಲ್ಲ, ಕೈ ಗೊತ್ತು. ಕೊನೆಗೆ ಅವರು ಹಾಕುವ ಪ್ರತಿಯೊಂದನ್ನೂ ನಾನು ತಕ್ಕಡಿಗೆ ಹಿಡಿದು ಬರೆದುಕೊಂಡೆ. ಹುರುಳಿ ಕಾಲು ಕೆಜಿ, ರಾತ್ರಿ ನೆನೆಸಿದ್ದು. ನೀರು ಒಂದೂವರೆ ಲೀಟರ್. ಕಾಳು ಬೆರಳಿನಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಬೇಕು. ಕಟ್ಟು ಬಸಿದು, ಬೆಂದ ಕಾಳಿನಲ್ಲಿ ಒಂದು ಹಿಡಿ, ತೂಕಕ್ಕೆ 60 ಗ್ರಾಂ, ತೆಗೆದು, ಸುಟ್ಟ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಣಕೊಬ್ಬರಿ ಜೊತೆ ರುಬ್ಬಬೇಕು. ಸಾರಿಗೆ ಮೈ ಬರುವುದು ಆ ಒಂದು ಹಿಡಿ ಕಾಳಿನಿಂದ. ಅದನ್ನು ಬಿಟ್ಟರೆ ತಿಳಿನೀರು. ಹುಣಸೆಹಣ್ಣು ಕೊನೆಯಲ್ಲಿ. ಮೊದಲೇ ಹುಳಿ ಬಿದ್ದರೆ ಕಾಳು ಬೇಯುವುದಿಲ್ಲ. ಉಳಿದ ಕಾಳಿಗೆ ಒಗ್ಗರಣೆ ಹಾಕಿದರೆ ಮುದ್ದೆಯ ಪಕ್ಕಕ್ಕೆ ಪಲ್ಯ.

ಹಳೆಯ ಸಾರನ್ನು ದಿನ ದಿನ ಕುದಿಸಿ ಮೂರು ದಿನ ಉಣ್ಣುವ ರೂಢಿ ನಮ್ಮಲ್ಲಿದೆ. ರುಚಿ ಏರುತ್ತದೆ, ನಿಜ. ಡೈರಿಯವನಾಗಿ ಒಂದು ಎಚ್ಚರ ಹೇಳಲೇಬೇಕು: ಸಾರು ಆರಿದ ಮೇಲೆ ಇಡೀ ರಾತ್ರಿ ಕಟ್ಟೆಯ ಮೇಲೆ ಬಿಡಬಾರದು. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ಹಳಸಿದ್ದನ್ನು ಕುದಿಸಿದರೆ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಕೆಲವು ಬ್ಯಾಕ್ಟೀರಿಯಾಗಳ ವಿಷ ಕುದಿಗೂ ಜಗ್ಗುವುದಿಲ್ಲ. ಫ್ರಿಜ್ಜಿಲ್ಲದ ಮನೆಯವರು ಅವತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಲಿ.

ಅಂಬಲಿ ಎಂದರೆ ಬಡತನದ ಗುರುತು ಎಂಬ ನಾಚಿಕೆ ನಮ್ಮ ಜನರಲ್ಲಿ ಇನ್ನೂ ಇದೆ. 'ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ' ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಶಿವನೇ ಚೋಳರಾಜನ ಪಕ್ವಾನ್ನ ಬಿಟ್ಟು ಮಾದಾರ ಚೆನ್ನಯ್ಯನ ಮನೆಯ ಅಂಬಲಿ ಉಂಡ ಎಂಬ ಕಥೆಯೂ ನಮ್ಮದೇ ಅಲ್ಲವೇ? ದಾವಣಗೆರೆಗೆ ಬೆಣ್ಣೆ ದೋಸೆಯ ಹೆಸರಿದೆ, ಮಿರ್ಚಿ ಮಂಡಕ್ಕಿಯ ಹೆಸರಿದೆ. ಚಿತ್ರದುರ್ಗದ ಬಿಸಿಲಿನಲ್ಲಿ ಕೋಟೆ ಹತ್ತಿ ಇಳಿದು ಬಂದವರ ಕೈಗೆ ಸಿಗುವುದು ಬಣ್ಣದ ನೀರಿನ ಬಾಟಲಿ. ಕೋಟೆಯ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ಒಂದೊಂದು ಕಟ್ಟೆ ಕೊಟ್ಟು, ಕುದಿಸಿದ ನೀರು, ಮುಚ್ಚಿದ ಗಡಿಗೆ, ತೊಳೆದ ಲೋಟ ಎಂಬ ಮೂರು ಷರತ್ತು ಹಾಕಿ ಅಂಬಲಿ ಮಾರಲು ನಗರಸಭೆ ಅವಕಾಶ ಮಾಡಿಕೊಡಬೇಕು. 2024ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನಲ್ಲಿ ರಾಗಿ ಮಾಲ್ಟ್ ಕೊಡುತ್ತಿರುವುದು ಒಳ್ಳೆಯ ಕೆಲಸ. ಆ ಪುಡಿ ಹೇಗಾಗುತ್ತದೆ ಎಂಬುದನ್ನು ಮಕ್ಕಳಿಂದಲೇ ಒಂದು ಸಲ ಮೊಳಕೆ ಕಟ್ಟಿಸಿ ತೋರಿಸಿದರೆ, ವಿಜ್ಞಾನದ ಪಾಠ ಅಂಗೈಯಲ್ಲೇ ಚಿಗುರುತ್ತದೆ. ಖರ್ಚು ಒಂದು ಬಟ್ಟೆ ತುಂಡು, ಒಂದು ಬೊಗಸೆ ರಾಗಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪುರವಣಿಯಲ್ಲಿ ವಾರಕ್ಕೆ ಕಾಲು ಪುಟ ಬಿಟ್ಟುಕೊಡಿ. ಮನೆಯಲ್ಲಿ ಎಪ್ಪತ್ತು ದಾಟಿದ ಅವ್ವ, ಅಜ್ಜಿ ಇರುವವರು ಅವರ ಪಕ್ಕದಲ್ಲಿ ತಕ್ಕಡಿ, ಗಡಿಯಾರ ಇಟ್ಟುಕೊಂಡು ಕೂತು, ಅವರ 'ಒಂದು ಹಿಡಿ' ಎಷ್ಟು ಗ್ರಾಂ, 'ಸ್ವಲ್ಪ ಹೊತ್ತು' ಎಷ್ಟು ನಿಮಿಷ ಎಂದು ಬರೆದು ಕಳಿಸಲಿ. ಮೊಳಕಾಲ್ಮುರಿನ ಕಡೆಯ ಶೇಂಗಾ ಸಾರು, ಜಗಳೂರಿನ ಜೋಳದ ಅಂಬಲಿ, ಹಿರಿಯೂರಿನ ಬೆರಕೆ ಸೊಪ್ಪಿನ ಮಸ್ಸೊಪ್ಪು, ಯಾವುದಾದರೂ ಆಗಲಿ. ಕೆಟ್ಟುಹೋದದ್ದನ್ನೂ ಬರೆಯಲಿ. ಹೆಸರಿನ ಜೊತೆ ಊರನ್ನೂ ಅಚ್ಚು ಹಾಕಿ. ಒಂದೇ ಬೇಡಿಕೆ, ಬೇಗ ಶುರುಮಾಡಿ. ನಮ್ಮ ಓಣಿಯಲ್ಲೇ ಹೋದ ವರ್ಷ ಇಂಥ ಮೂವರು ಅಜ್ಜಿಯರು ತೀರಿಕೊಂಡರು.

ಅಂಕಣಕ್ಕೆ ಮೊದಲ ಕಂತೆಂದು ನನ್ನ ನೋಟ್‌ಬುಕ್ಕಿನ ಆರು ಪುಟಗಳ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಮೂರನೆಯ ಪುಟದಲ್ಲಿ ಅಂಬಲಿ ಚೆಲ್ಲಿ ಕಲೆಯಾದ ಕಡೆ 'ಎಂಟು ತಾಸು' ಎಂದು ಓದಿಕೊಳ್ಳಬೇಕು.

ಇಂತಿ ನಿಮ್ಮ ಓದುಗ,
ನಿವೃತ್ತ ಡೈರಿ ಪ್ರಯೋಗಾಲಯ ಸಹಾಯಕ
ಚಿತ್ರದುರ್ಗ